ಹ್ಯಾಡ್ ಎಲ್ಲಿ ಹಾಕಬೇಕು, ಮಾವ?

ಫೆಬ್ರವರಿ 4

ಮಾವ,

ನಮಸ್ಕಾರ, ಕ್ಷೇಮಸಮಾಚಾರ ಎಲ್ಲವನ್ನೂ ನೀವೇ ಸೇರಿಸಿಕೊಂಡು ಓದಿಕೊಳ್ಳಿ. ಬರೆದರೆ ‘ಮಸಿ ದಂಡ’ ಎಂದು ಬೈಯುವವರೂ ನೀವೇ. ಫೋನು ಮಾಡೋಣವೆಂದರೆ ನಿಮ್ಮ ಕಿವಿ ಕೈಕೊಟ್ಟಿದೆ. ಹೋದ ಸಲ ‘ಊಟ ಆಯ್ತಾ ಮಾವ?’ ಅಂತ ಕೇಳಿದ್ದಕ್ಕೆ ‘ಹೂಂ, ಅದನ್ನ ಆಗಲೇ ಮಾರಿಬಿಟ್ಟೆ ಕಣೆ’ ಅಂದಿರಿ. ಏನನ್ನು ಮಾರಿದಿರೋ ಇವತ್ತಿಗೂ ನನಗೆ ಗೊತ್ತಿಲ್ಲ. ಹಾಗಾಗಿ ಕಾಗದವೇ ವಾಸಿ.

ಒಂದು ಉಪಕಾರ ಆಗಬೇಕು. ಈ ಪರದೇಶದಲ್ಲಿ ನಾನು ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೇನೆ. ನಗಬೇಡಿ. ಹಗಲೆಲ್ಲ ಲಾಂಡ್ರಿಯಲ್ಲಿ ಹಾಸುಬಟ್ಟೆಗಳನ್ನು ಇಸ್ತ್ರಿ ಯಂತ್ರದ ಬಾಯಿಗೆ ಕೊಟ್ಟು ಕೊಟ್ಟು ಇವಳ ಮೆದುಳೂ ಚಪ್ಪಟೆಯಾಗಿದೆ ಅಂತ ನೀವು ಅನ್ನಬಹುದು. ತಪ್ಪು ನಿಮ್ಮದೇ. ಊರ ಮಕ್ಕಳನ್ನೆಲ್ಲ ಜಗಲಿಯ ಮೇಲೆ ಕೂರಿಸಿಕೊಂಡು ವ್ಯಾಕರಣ ಅರೆದು ಕುಡಿಸಿದಿರಿ. ಮನೆಯಲ್ಲೇ ಇದ್ದ ಅಕ್ಕನ ಮಗಳನ್ನು ಮಾತ್ರ, ತಾಯಿಯಿಲ್ಲದ ಮಗು ಎಂದು ಆಟಕ್ಕೆ ಬಿಟ್ಟಿರಿ. ಈಗ ಅನುಭವಿಸಿ.

ಟೀಚರು ಒಂದು ಕಥೆ ಬರೆಯಲು ಹೇಳಿದ್ದಾರೆ. ದಿನಕ್ಕೆ ಇಷ್ಟಿಷ್ಟು. ನನ್ನ ಕಥೆಯಲ್ಲಿ ಬಣ್ಣ ಬಳಿಯುವವನೊಬ್ಬ ಎತ್ತರದ ಕಟ್ಟಡದ ಹಲಗೆಯ ಮೇಲಿಂದ ಬಿದ್ದು, ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆ. ಅಷ್ಟೇ ಕಥೆ. ‘ಯಾವುದು ಮೊದಲು ಆಯ್ತು, ಯಾವುದು ಆಮೇಲೆ ಆಯ್ತು ಅನ್ನೋದು ಕೇಳೋರಿಗೆ ಕಲಸಿ ಹೋಗಬಾರದು. ಅದೇ ಮುಖ್ಯ’ ಅಂತ ಟೀಚರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ನಾನು ಎಡವುವುದೇ ಅಲ್ಲಿ. ಹ್ಯಾಡ್ ಎಲ್ಲಿ ಹಾಕಬೇಕು, ಮಾವ? ಆಗಿಹೋಗಿದ್ದಕ್ಕೆಲ್ಲ ಹ್ಯಾಡ್ ಎಂದು ತಿಳಿದು ಸಿಕ್ಕ ಸಿಕ್ಕಲ್ಲಿ ಹಾಕಿದ್ದೇನೆ. ಹಾಳೆ ಜೊತೆಗಿದೆ. ಕೆಂಪು ಪೆನ್ನು ತೆಗೆಯಿರಿ, ಆದರೆ ಸ್ವಲ್ಪ ದಯೆ ಇರಲಿ.

ನಿಮ್ಮ ಅಳಿಯ ಗಾಜಪ್ಪ ಇದ್ದಾರೆ. ಕೆಲಸ ಕಡಿಮೆ, ನಿದ್ದೆ ಜಾಸ್ತಿ.

ನಿಮ್ಮ ಮೆಣಸಿನಕಾಯಿ


ಫೆಬ್ರವರಿ 5

ಮಾವ,

ಈ ಕಾಗದವನ್ನು ನಾನು ನಿಮಗೆ ಕಳಿಸುವುದಿಲ್ಲ. ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಕ್ಲಾಸೂ ಇಲ್ಲ, ಟೀಚರೂ ಇಲ್ಲ. ಬಿದ್ದಿರುವವರು ಇವರೇ. ಹೊಸ ಕಟ್ಟಡದ ಹೊರಮೈಗೆ ದೊಡ್ಡದೊಂದು ಗಾಜು ಕೂರಿಸಿದರಂತೆ. ಎಂದಿನ ಹಾಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದರಂತೆ. ತಲೆ ವಾಲಿಸಿ ಸದ್ದು ಕೇಳಿ, ಅಂದ ನೋಡಲು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರಂತೆ. ಹಿಂದೆ ಹಲಗೆ ಇರಲಿಲ್ಲ. ಮನೆಗೆ ಇದ್ದ ಒಂದೇ ಫೋನು ಇವರ ಜೇಬಿನಲ್ಲಿತ್ತು. ಅದೂ ಪುಡಿಯಾಯಿತು.

ಈಗ ಉಸಿರಾಡಿಸಲು ಒಂದು ಯಂತ್ರ, ಊಟಕ್ಕೆ ಒಂದು ಕೊಳವೆ. ಈ ವಾರ್ಡಿನಲ್ಲಿ ಒಂದು ರೂಢಿ ಇದೆ. ಹೀಗೆ ಮಲಗಿದವರ ಮಂಚಕ್ಕೆ ಕ್ಲಿಪ್ಪು ಹಾಕಿ ಒಂದಷ್ಟು ಹಾಳೆ ಸಿಕ್ಕಿಸಿರುತ್ತಾರೆ. ಆ ದಿನ ಏನೇನು ಆಯಿತು ಎಂದು ನರ್ಸುಗಳೂ ಮನೆಯವರೂ ಅದರಲ್ಲಿ ಬರೆಯಬೇಕು, ಗಟ್ಟಿಯಾಗಿ ಓದಿ ಹೇಳಬೇಕು. ಎಚ್ಚರವಾದ ಮೇಲೆ ಅದನ್ನು ಅವರ ಕೈಗೆ ಕೊಡುತ್ತಾರೆ. ಹಿರಿಯ ನರ್ಸಮ್ಮ ಹೇಳಿದರು: ‘ಎದ್ದೋರಿಗೆ ತಲೆಯೆಲ್ಲ ಕಲಸಿರುತ್ತೆ ಕಣಮ್ಮ. ಕನಸು ಯಾವುದು, ನಿಜ ಯಾವುದು, ಹಿಂದೆ ಯಾವುದು, ಮುಂದೆ ಯಾವುದು, ಒಂದೂ ತಿಳಿಯಲ್ಲ. ಸರಿಯಾಗಿ ಜೋಡಿಸಿ ಬರಿ.’ ನಾನು ಲಾಂಡ್ರಿಗೆ ಹೋದಾಗ ಓದಿ ಹೇಳುವವರು ಈ ನರ್ಸುಗಳೇ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಅವರಿಗೆ ಬಾರದು. ಅದಕ್ಕೇ ಇಂಗ್ಲಿಷ್.

ನನ್ನ ಹ್ಯಾಡ್ ತಪ್ಪಾಗಿ, ಇವರು ಎದ್ದ ಮೇಲೆ ಗೊಂದಲಪಟ್ಟುಕೊಂಡರೆ? ನಿಮಗೆ ಕಳಿಸುವ ಹಾಳೆಯಲ್ಲಿ ಗಾಜನ್ನು ಬಣ್ಣ ಮಾಡಿದ್ದೇನೆ. ತಿದ್ದಿ ಬಂದ ಮೇಲೆ ಬಣ್ಣವನ್ನು ಮತ್ತೆ ಗಾಜು ಮಾಡಿ ಕ್ಲಿಪ್ಪಿಗೆ ಸಿಕ್ಕಿಸುತ್ತೇನೆ.

ನಿಮಗೆ ಹೇಳಲಾರೆ. ನಿಮ್ಮ ಎದೆಯ ಸ್ಥಿತಿ ನನಗೆ ಗೊತ್ತು. ಇನ್ನೂ ಒಂದು ಕಾರಣ ಇದೆ. ಇಲ್ಲಿ ಎಲ್ಲರೂ ಇವರನ್ನು ಅಯ್ಯೋ ಪಾಪ ಎಂದೇ ನೋಡುತ್ತಾರೆ. ಲೋಕದಲ್ಲಿ ಒಬ್ಬರ ತಲೆಯೊಳಗಾದರೂ ಇವರು ಏಣಿ ಹೊತ್ತುಕೊಂಡು ಓಡಾಡುತ್ತಿರಲಿ ಮಾವ.


ಫೆಬ್ರವರಿ 19

ಮೆಣಸಿನಕಾಯಿ,

ಹಾಳೆ ಓದಿದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಅಯ್ಯೋ ನನ್ನ ಕರ್ಮವೇ! ಅವನು ಹ್ಯಾಡ್ ಹತ್ತಿದ, ಹ್ಯಾಡ್ ಬಳಿದ, ಹ್ಯಾಡ್ ಹಿಂದೆ ಸರಿದ, ಹ್ಯಾಡ್ ಬಿದ್ದ. ಇಷ್ಟು ಹ್ಯಾಡ್‌ಗಳು ಮೈಮೇಲೆ ಬಿದ್ದರೆ ಯಾವ ಗಂಡಸಿಗೆ ತಾನೆ ಎಚ್ಚರವಾದೀತು?

ಕೇಳು. ‘ನಾನು ಅಡುಗೆಮನೆ ಬಾಗಿಲು ತೆಗೆದೆ. ಬೆಕ್ಕು ಹಾಲು ಕುಡಿದಿತ್ತು.’ ಈ ಕುಡಿದಿತ್ತು ಎಂಬುದರ ಬಾಲದಲ್ಲಿ ಒಂದು ‘ಇತ್ತು’ ಇದೆಯಲ್ಲ, ಇಂಗ್ಲಿಷಿನ ಹ್ಯಾಡ್ ಮಾಡುವುದು ಆ ಕೆಲಸವನ್ನೇ. ನಾನು ಬಾಗಿಲು ತೆಗೆಯುವುದಕ್ಕೆ ಮೊದಲೇ ಆ ಕಳ್ಳ ಬೆಕ್ಕು ಕೆಲಸ ಮುಗಿಸಿತ್ತು. ಮೊದಲು ಆದದ್ದನ್ನು ನಾನು ಆಮೇಲೆ ಹೇಳುತ್ತಿದ್ದೇನೆ. ಸಾಲು ತಪ್ಪಿದೆ. ಸಾಲು ತಪ್ಪಿದಾಗ ಮಾತ್ರ ಹ್ಯಾಡ್ ಬೇಕು. ಬೆಕ್ಕು ಬಂತು, ಹಾಲು ಕುಡಿಯಿತು, ಮೀಸೆ ಒರೆಸಿಕೊಂಡು ಹೋಯಿತು, ಆಮೇಲೆ ನಾನು ಬಂದೆ ಅಂತ ನಡೆದ ಹಾಗೆಯೇ ಹೇಳಿದರೆ ಹ್ಯಾಡ್ ಯಾಕೆ? ಸಿಂಪಲ್ ಪಾಸ್ಟ್ ಸಾಕು. ನಿನ್ನ ಬಣ್ಣದವನು ಹತ್ತಿದ, ಬಳಿದ, ಹಿಂದೆ ಸರಿದ, ಬಿದ್ದ. ಎಲ್ಲ ಸಾಲಾಗಿಯೇ ಇದೆ. ಎಲ್ಲ ಹ್ಯಾಡ್ ಹೊಡೆದು ಹಾಕಿದ್ದೇನೆ.

ಒಂದನ್ನು ಮಾತ್ರ ಉಳಿಸಿದ್ದೇನೆ. ‘ಹೆಂಡತಿ ಆಸ್ಪತ್ರೆಗೆ ಬಂದಾಗ ಅವನ ಬೂಟು ಯಾರೋ ಬಿಚ್ಚಿದ್ದರು.’ ಅಲ್ಲಿ ಹ್ಯಾಡ್ ಬೇಕೇ ಬೇಕು. ಅವಳು ಬರುವ ಮೊದಲೇ ಅದು ನಡೆದುಹೋಗಿತ್ತು. ಆ ವಾಕ್ಯ ಚೆನ್ನಾಗಿದೆ. ಎಲ್ಲಿಂದ ಹೊಳೆಯಿತೋ ನಿನಗೆ.

ಇಲ್ಲಿ ಟ್ಯೂಷನ್ ಮಕ್ಕಳ ಗದ್ದಲ ಎಂದಿನಂತೆ ಇದೆ. ಜಗಲಿ ಸಾಲುವುದಿಲ್ಲ. ಆದರೂ ನಿನ್ನ ಹಾಳೆಗೆ ಸಮಯ ಮಾಡಿಕೊಳ್ಳುತ್ತೇನೆ, ಕಳಿಸುತ್ತಿರು.

ಗಾಜಪ್ಪನಿಗೆ ನಿದ್ದೆ ಜಾಸ್ತಿ ಎಂದರೆ ಸೋಮಾರಿಯಾಗಿದ್ದಾನೆ ಎಂದರ್ಥ. ನನ್ನ ಹೆಸರು ಹೇಳಿ ಕಿವಿ ಹಿಂಡಿ ಎಬ್ಬಿಸು.

ಮಾವ


ಮಾರ್ಚ್ 6

ಮಾವ,

ನೀವು ಹೇಳಿದ ಹಾಗೆ ಗಾಜಪ್ಪನ ಕಿವಿ ಹಿಂಡಿದೆ. ಏಳಲಿಲ್ಲ.

ನಿಮ್ಮ ಬೆಕ್ಕಿನ ಪಾಠ ತಲೆಗೆ ಹೋಯಿತು. ತಿದ್ದಿದ ಹಾಳೆಯನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ‘ಈಗ ಎಲ್ಲ ಸರಿಯಾಗಿ ಜೋಡಿಸಿಕೊಂಡಿದೆ, ನಿಮ್ಮ ಮಾವ ದೊಡ್ಡ ಮೇಷ್ಟ್ರು ಇರಬೇಕು’ ಅಂದರು ಟೀಚರು. ಎಲ್ಲರೂ ಕೇಳಿದರು. ಒಬ್ಬ ವಿದ್ಯಾರ್ಥಿ ಮಾತ್ರ ಏನು ಓದಿದರೂ ಕಣ್ಣು ಬಿಡುವುದಿಲ್ಲ.

ಈಗ ಹೊಸ ಕಷ್ಟ. ಕಥೆ ಆಸ್ಪತ್ರೆಯ ಕೋಣೆಯಲ್ಲೇ ಇದೆ. ಆದರೆ ಆ ಹೆಂಗಸಿಗೆ ಗಂಡ ಬೀಳುವುದಕ್ಕೆ ಮೊದಲಿನದನ್ನೆಲ್ಲ ಹೇಳಬೇಕಾಗಿದೆ. ಅವನು ಸಾಕ್ಸನ್ನು ತಿರುಗಾಮುರುಗಾ ಹಾಕಿಕೊಳ್ಳುತ್ತಿದ್ದದ್ದು, ಅನ್ನ ಸೀದರೆ ‘ಇದೇ ರುಚಿ’ ಎಂದು ತಳ ಕೆರೆದು ತಿನ್ನುತ್ತಿದ್ದದ್ದು, ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಗಾಜು ತಟ್ಟಿ ನೋಡುತ್ತಿದ್ದದ್ದು. ಇದೆಲ್ಲ ಮೊದಲಿನದು. ಎಲ್ಲಕ್ಕೂ ಹ್ಯಾಡ್ ಬೇಕಾ? ಹಾಕುತ್ತಾ ಹೋದರೆ, ಮಾವ, ಅವನು ಸತ್ತೇ ಹೋಗಿದ್ದಾನೇನೋ ಅನ್ನಿಸುತ್ತದೆ. ಹಾಕದಿದ್ದರೆ ಈಗಲೇ ಎದ್ದು ಓಡಾಡುತ್ತಿದ್ದಾನೆ ಅನ್ನಿಸುತ್ತದೆ. ನನಗೆ ಎರಡನೆಯದೇ ಇಷ್ಟ. ಆದರೆ ಸರಿ ಯಾವುದು? ಹೊಸ ಹಾಳೆಯೂ ಜೊತೆಗಿದೆ.

ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆಗಳು ಬರುತ್ತವೆ. ಮೂಲೆಯಲ್ಲಿ ವಾರ್ಡಿನ ಗುರುತು ಹೊಲಿದಿರುತ್ತಾರೆ. ಒಂದು ವಾರ್ಡಿನವನ್ನು ಮಾತ್ರ ನಾನು ಎರಡು ಸಲ ಇಸ್ತ್ರಿ ಮಾಡುತ್ತೇನೆ. ಮೇಲ್ವಿಚಾರಕಿ ಗೊಣಗುತ್ತಾಳೆ. ಗೊಣಗಲಿ.

ಕ್ಲಾಸು ಇನ್ನೆಷ್ಟು ಕಾಲ ನಡೆಯುತ್ತದೋ ತಿಳಿಯದು. ಇನ್ನು ಪ್ರಯೋಜನವಿಲ್ಲ, ನಿಲ್ಲಿಸೋಣ ಎಂದು ಮೇಲಿನವರು ಹೇಳುತ್ತಿದ್ದಾರೆ. ಅದಕ್ಕೆ ನನ್ನ ಒಪ್ಪಿಗೆ ಬೇಕಂತೆ. ‘ನಮ್ಮ ಮಾವನಿಂದ ಹಾಳೆ ತಿದ್ದಿ ಬರಬೇಕು, ಅಲ್ಲಿಯವರೆಗೆ ಮಾತಾಡಬೇಡಿ’ ಎಂದು ಹೇಳಿ ತಡೆದಿದ್ದೇನೆ. ಬೇಗ ಕಳಿಸಿ. ಅಥವಾ ನಿಧಾನಕ್ಕೇ ಕಳಿಸಿ.

ನಿಮ್ಮ ಮೆಣಸಿನಕಾಯಿ


ಮಾರ್ಚ್ 22

ಮೆಣಸಿನಕಾಯಿ,

ಬೇಗ ಅಥವಾ ನಿಧಾನಕ್ಕೆ ಎಂದರೆ ಏನೇ? ಮೇಷ್ಟರ ಹತ್ತಿರ ಹುಡುಗಾಟವಾ? ಇನ್ನು, ಕ್ಲಾಸು ನಿಲ್ಲಿಸಲು ವಿದ್ಯಾರ್ಥಿಯ ಒಪ್ಪಿಗೆ ಕೇಳುವ ಪುಣ್ಯಾತ್ಮರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಒಳ್ಳೆಯ ಪ್ರಶ್ನೆ. ಹಿಂದಿನ ಕಾಲಕ್ಕೆ ಹೋಗುವಾಗ ಹೊಸಿಲ ಮೇಲೆ ಒಂದು ಹ್ಯಾಡ್ ಇಡು. ಬಹಳವೆಂದರೆ ಎರಡು. ‘ನಾವು ಹಿಂದಕ್ಕೆ ಹೋಗುತ್ತಿದ್ದೇವೆ’ ಎಂದು ಓದುವವನಿಗೆ ಅಷ್ಟರಲ್ಲೇ ತಿಳಿಯುತ್ತದೆ. ಒಳಗೆ ಕಾಲಿಟ್ಟ ಮೇಲೆ ಹ್ಯಾಡ್ ಬಿಡು, ಸಿಂಪಲ್ ಪಾಸ್ಟ್‌ನಲ್ಲೇ ಆರಾಮಾಗಿ ಓಡಾಡು. ಅವನು ನಗಲಿ, ಸೀದ ಅನ್ನ ತಿನ್ನಲಿ, ಸಾಕ್ಸು ಹುಡುಕಲಿ. ನಿನಗೆ ಇಷ್ಟವಾದದ್ದೇ ಸರಿ, ನೋಡು. ಮುಗಿದ ಮೇಲೆ ಒಂದು ‘ನೌ’ ಹಾಕಿ ಆಸ್ಪತ್ರೆಯ ಕೋಣೆಗೆ ವಾಪಸು ಬಾ. ವಾಪಸು ಬರುವುದನ್ನು ಮಾತ್ರ ಮರೆಯಬೇಡ. ಕಥೆ ಬರೆಯುವವರು ಮರೆಯುವುದೇ ಅದನ್ನು.

ಇನ್ನೊಂದು ಸೂಕ್ಷ್ಮ. ‘ಅವನು ಏಳುತ್ತಾನೆಂದು ಅವಳು ಹ್ಯಾಡ್ ಹೋಪ್ಡ್’ ಎಂದು ಬರೆದಿದ್ದೀಯ. ಆಸೆಯ ಪಕ್ಕದಲ್ಲಿ ಹೀಗೆ ಹ್ಯಾಡ್ ಕೂತರೆ, ಆ ಆಸೆ ಕೈಗೂಡಲಿಲ್ಲ ಎಂದೇ ಓದುವವರು ತಿಳಿಯುತ್ತಾರೆ. ಅವಳಿಗೆ ಇನ್ನೂ ಆಸೆ ಇದ್ದರೆ ಹ್ಯಾಡ್ ತೆಗೆ. ನಾನು ಗೆರೆ ಎಳೆದಿಲ್ಲ, ನೀನೇ ತೀರ್ಮಾನ ಮಾಡು.

ಒಂದನ್ನು ಪೂರ್ತಿ ಹೊಡೆದು ಹಾಕಿದ್ದೇನೆ. ಬಣ್ಣದವನು ಹೋದಲ್ಲೆಲ್ಲ ಕಿಟಕಿ ಗಾಜು ತಟ್ಟುವುದೇಕೆ? ಅವನಿಗೇಕೆ ಗಾಜಿನ ಉಸಾಬರಿ? ಕಥೆಗೆ ಬೇಡದ್ದು.

ಕೊನೆಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ವ್ಯಾಕರಣ ಸುಧಾರಿಸಿದೆ, ಕಥೆ ಸುಧಾರಿಸಿಲ್ಲ. ಎಷ್ಟು ಹಾಳೆ ಆಯಿತು? ಆ ಮನುಷ್ಯ ಮಲಗಿಯೇ ಇದ್ದಾನೆ. ಯಂತ್ರ ಉಸಿರಾಡುತ್ತದೆ, ನರ್ಸು ಬರುತ್ತಾಳೆ, ಹೋಗುತ್ತಾಳೆ, ಅವನು ಮಲಗಿದ್ದಾನೆ. ಇದು ಕಥೆಯಲ್ಲ, ಹಠ. ಬರೆಯುವವಳಿಗೆ ಮುಗಿಸಲು ಧೈರ್ಯ ಸಾಲದು, ಅದಕ್ಕೇ ಎಳೆಯುತ್ತಿದ್ದಾಳೆ. ಅವನನ್ನು ಎಬ್ಬಿಸು, ಇಲ್ಲವೇ ಕಳಿಸಿಕೊಡು. ಏಳುವ ಲಕ್ಷಣ ನನಗಂತೂ ಕಾಣಲಿಲ್ಲ. ಆ ಹೆಂಗಸಾದರೂ ಎದ್ದು ಮನೆಗೆ ಹೋಗಿ ಎರಡು ತುತ್ತು ಉಣ್ಣಲಿ. ಮುಗಿಸಿಬಿಡು ಮಗಳೇ. ಅದರಲ್ಲೇ ದಯೆ ಇದೆ.

ಮಾವ


ಮಾರ್ಚ್ 26

ಮಗಳೇ,

ಈ ಕಾಗದ ಮೊದಲು ಸಿಕ್ಕಿದರೆ ಇನ್ನೊಂದನ್ನು ಒಡೆಯಬೇಡ. ಒಲೆಗೆ ಹಾಕು.

ಇವತ್ತು ಬೆಳಿಗ್ಗೆ ಗಾಳಿ ಜೋರಾಗಿತ್ತೆಂದು ಜಗಲಿಯ ಕಿಟಕಿ ಹಾಕಲು ಎದ್ದೆ. ಗಾಜಿನ ಮೇಲೆ ಕೈಯಿಟ್ಟೆ. ಇಟ್ಟ ಕೈ ಅಲ್ಲೇ ನಿಂತಿತು. ಈ ಗಾಜು ಹಾಕಿದವನು ಯಾರು? ಹಾಕಿದ ಮೇಲೆ ಬೆರಳು ಮಡಚಿ ತಟ್ಟಿ, ತಲೆ ವಾಲಿಸಿ ಕೇಳಿದವನು ಯಾರು? ಹೋದ ಮನೆಯಲ್ಲೆಲ್ಲ ಆ ಕೆಲಸ ಮಾಡುವವನು ಯಾರು? ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ಸಾಲನ್ನು ಕೆಂಪು ಮಸಿಯಲ್ಲಿ ಹೊಡೆದು ಹಾಕಿದೆನಲ್ಲೇ, ನನ್ನ ಕೈ ಸೇದಿಹೋಗ. ಬೂಟು ಬಿಚ್ಚಿದ್ದರು ಎಂಬ ಮಾತು ಎಲ್ಲಿಂದ ಹೊಳೆಯಿತು ಎಂದು ಬೇರೆ ಕೇಳಿದೆ.

ಅಂಚೆ ಕಚೇರಿಗೆ ಹೋದೆ. ‘ಹೋದ ಕಾಗದ ಹೋದಂಗೇ ಮೇಷ್ಟ್ರೆ, ವಾಪಸ್ ತರಿಸೋಕಾಗಲ್ಲ’ ಅಂತ ಬಾಯಿ ಅಗಲಿಸಿ ಕೂಗಿ ಹೇಳಿದ ಗುಮಾಸ್ತ. ಪಕ್ಕದ ಮನೆಯಾಕೆಯ ಕೈಯಲ್ಲಿ ಫೋನು ಮಾಡಿಸಿದೆ. ಆ ನಂಬರು ಬಹಳ ದಿನದಿಂದ ಸತ್ತಿದೆಯಂತೆ. ನಾನು ಅದನ್ನೂ ವಿಚಾರಿಸಿರಲಿಲ್ಲ.

ನಾನು ಅಂದುಕೊಂಡದ್ದು ಸುಳ್ಳು ಎಂದು ಬರೆ. ಮುದುಕನಿಗೆ ಅರಳುಮರಳು ಎಂದು ಬೈ. ನಿಜವಾಗಿದ್ದರೆ, ನಾನು ಬರೆದದ್ದನ್ನು ಕಿವಿಗೆ ಹಾಕಿಕೊಳ್ಳಬೇಡ. ನಾನು ಮಾತಾಡಿದ್ದು ಕಥೆಯ ಬಗ್ಗೆ. ಅವನ ಬಗ್ಗೆ ಅಲ್ಲ. ಅವನು ಮಲಗಿರಲಿ. ಎಷ್ಟು ದಿನ ಬೇಕಾದರೂ ಮಲಗಿರಲಿ. ನೀನು ಬರೆಯುತ್ತಿರು, ನಾನು ತಿದ್ದುತ್ತಿರುತ್ತೇನೆ.

ಮಾವ


ಏಪ್ರಿಲ್ 5

ಮಾವ,

ನಿಮ್ಮ ಮಾರ್ಚ್ 22ರ ಕಾಗದ ಬಂತು. ಕ್ಲಾಸಿನ ಬಾಗಿಲಲ್ಲೇ ನಿಂತು ಓದಿದೆ.

ನೀವು ಹೇಳಿದ್ದು ಸರಿ. ಯಾರನ್ನೂ ಅಷ್ಟು ದಿನ ಮಲಗಿಸಿ ಇಡಬಾರದು. ನನಗೆ ಧೈರ್ಯ ಇರಲಿಲ್ಲ, ಅದನ್ನು ನೀವು ಒಂದೇ ಏಟಿಗೆ ಕಂಡುಹಿಡಿದಿರಿ. ಕಥೆ ಮುಗಿಸಿದೆ. ಕೊನೆಯ ಹಾಳೆಯನ್ನು ನಿಮಗೆ ಕಳಿಸುತ್ತಿಲ್ಲ. ಹೊಸಿಲ ಮೇಲೆ ಒಂದೇ ಒಂದು ಹ್ಯಾಡ್ ಇಟ್ಟು ಒಳಗೆ ಹೋದೆ. ಒಳಗೆ ಬಹಳ ಚೆನ್ನಾಗಿತ್ತು.

ಕ್ಲಾಸು ನಿಂತಿತು. ಬರೆದ ಹಾಳೆಗಳನ್ನೆಲ್ಲ ಒಂದು ಲಕೋಟೆಯಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು. ನಾನು ಬೇಡವೆಂದೆ. ‘ಇದು ನಿಮಗೇ ಸೇರಬೇಕಾದ್ದು, ನಮ್ಮಲ್ಲಿ ಹೀಗೇ ಪದ್ಧತಿ’ ಅಂದರು.

ಔಷಧಿ ತಪ್ಪಿಸಬೇಡಿ.

ಮೆಣಸಿನಕಾಯಿ


ಏಪ್ರಿಲ್ 12

ಮಾವ,

ನಿಮ್ಮ ಎರಡನೆಯ ಕಾಗದ ನಿನ್ನೆ ಬಂತು. ಹೌದು, ಬಣ್ಣದವನು ಇವರೇ. ಏಪ್ರಿಲ್ 4ರಂದು ಹೋದರು. ಇನ್ನು ಸುಳ್ಳು ಹೇಳಿ ಯಾರನ್ನು ಉಳಿಸಬೇಕು?

ಡಾಕ್ಟರು ಮಾರ್ಚ್ ಮೊದಲಿಂದಲೂ ಕೇಳುತ್ತಿದ್ದರು. ‘ಉಸಿರು ಯಂತ್ರದ್ದಮ್ಮ, ಅವರದ್ದಲ್ಲ. ಇನ್ನು ಅವರು ಏಳಲ್ಲ. ನೀವು ಒಪ್ಪಿ ಸಹಿ ಹಾಕಿದರೆ ನಿಲ್ಲಿಸ್ತೀವಿ.’ ನಾನು ಒಪ್ಪಲಿಲ್ಲ. ಮಾವನಿಂದ ಹಾಳೆ ಬರಬೇಕು ಎನ್ನುತ್ತಿದ್ದೆ. ಮೊದಮೊದಲು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ವಾರ್ಡಿನ ಹಿರಿಯ ನರ್ಸಮ್ಮ ಅವರಿಗೆ ಏನೋ ಹೇಳಿದರು. ಆಮೇಲೆ ಅವರು ನನ್ನನ್ನು ಕಂಡಾಗಲೆಲ್ಲ ‘ಕಾಗದ ಬಂತಾ?’ ಎಂದಷ್ಟೇ ಕೇಳುತ್ತಿದ್ದರು. ಬರಲಿಲ್ಲ ಎಂದರೆ ತಲೆಯಾಡಿಸಿ ಹೋಗುತ್ತಿದ್ದರು.

ಬಂತು. ಓದಿದೆ. ಒಳಗೆ ಹೋಗಿ ಇವರ ಪಕ್ಕ ಕೂತು, ಇವರನ್ನು ಮೊದಲ ಸಲ ಕಂಡ ದಿನದ ಬಗ್ಗೆ ಕೊನೆಯ ಹಾಳೆ ಬರೆದೆ. ನಿಮ್ಮ ಜಗಲಿಯ ಕಿಟಕಿಯ ಗಾಜನ್ನು ನಾನು ಪೊರಕೆ ಬೀಸಿ ಒಡೆದಿದ್ದೆ. ಹ್ಯಾಡ್ ಇಟ್ಟದ್ದು ಅಲ್ಲಿ ಮಾತ್ರ. ಆಮೇಲೆ ಇವರು ಗಾಜು ಹೊತ್ತುಕೊಂಡು ಬಂದರು. ನೀವು ‘ಸರಿಯಾಗಿ ಕೂರಿಸ್ತೀಯೇನಪ್ಪ?’ ಎಂದು ಗದರಿದಿರಿ. ಇವರು ಕೂರಿಸಿದರು, ತಟ್ಟಿದರು, ಕೇಳಿದರು. ‘ಮೇಷ್ಟ್ರೆ, ಇನ್ನು ಹತ್ತು ವರ್ಷ ಇದಕ್ಕೇನೂ ಆಗಲ್ಲ. ಪೊರಕೆ ಮಾತ್ರ ಅವರ ಕೈಗೆ ಕೊಡಬೇಡಿ’ ಎಂದರು. ನಾನು ನಕ್ಕೆ. ಅದನ್ನೆಲ್ಲ ಓದಿ ಹೇಳಿದೆ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮ್ಮ ಮಾತಿನಲ್ಲಿ. ಕಣ್ಣು ಬಿಡಲಿಲ್ಲ. ಬೆರಳೂ ಅಲ್ಲಾಡಲಿಲ್ಲ. ಆ ಕೋಣೆಯ ಕಿಟಕಿ ಅಷ್ಟು ದೂರ ಇತ್ತು, ಇವರ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಇವರ ಪರವಾಗಿ ನಾನೇ ಹೋಗಿ ತಟ್ಟಿದೆ. ಬಂದು ಸಹಿ ಹಾಕಿದೆ.

ನಿಮ್ಮ ಕಾಗದದಿಂದಲೇ ಸಹಿ ಹಾಕಿದೆಯಾ ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ. ಅಲ್ಲಿಯವರೆಗೆ ಕೈ ಏಳುತ್ತಿರಲಿಲ್ಲ, ಅವತ್ತು ಎದ್ದಿತು. ನನಗೆ ಗೊತ್ತಿರುವುದು ಅಷ್ಟೇ. ನಿಮ್ಮ ಕಾಗದಗಳು ಹಿಂದುಮುಂದಾಗಿ ಬಂದಿದ್ದರೆ ಇನ್ನೊಂದು ತಿಂಗಳು ಕೂತಿರುತ್ತಿದ್ದೆನೋ ಏನೋ. ಕೂತಿದ್ದರೂ ಇವರು ಏಳುತ್ತಿರಲಿಲ್ಲ ಎನ್ನುತ್ತಾರೆ ಎಲ್ಲರೂ. ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ.

ಆಸೆಯ ಪಕ್ಕದಲ್ಲಿ ಕೂತಿದ್ದ, ನೀವು ನನ್ನ ತೀರ್ಮಾನಕ್ಕೆ ಬಿಟ್ಟಿದ್ದ ಆ ಹ್ಯಾಡ್ ಅನ್ನು ನಾನು ತೆಗೆಯಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮುಚ್ಚಿಟ್ಟವಳು ನಾನು. ಆದರೆ ಇನ್ನು ಮೇಲೆ ನನಗೆ ಬರೆಯಬೇಡಿ ಮಾವ. ನಿಮ್ಮ ಅಕ್ಷರ ಕಂಡರೆ ‘ಮುಗಿಸಿಬಿಡು ಮಗಳೇ’ ಎಂಬುದೊಂದೇ ಕಾಣುತ್ತದೆ. ಎರಡನೆಯ ಕಾಗದ ಓದುವಾಗಲೂ ಅದೇ ಕಾಣುತ್ತಿತ್ತು. ಯಾವಾಗ ಹೋಗುತ್ತದೋ ಹೇಳಲಾರೆ. ಹೋಗದೆಯೂ ಇರಬಹುದು.

ನಿಮ್ಮ ಅಕ್ಕನ ಮಗಳು


ಏಪ್ರಿಲ್ 30

ಮಗಳೇ,

ಬರೆಯಬೇಡಿ ಎಂದಿದ್ದೀಯ. ಬರೆಯುತ್ತೇನೆ, ಆದರೆ ಕಳಿಸುವುದಿಲ್ಲ. ಇದೊಂದು ಸುಳ್ಳು ದಾರಿ, ಗೊತ್ತು.

ಟ್ಯೂಷನ್ ಮಕ್ಕಳ ಗದ್ದಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಇಲ್ಲಿಗೆ ಯಾರೂ ಬರುತ್ತಿಲ್ಲ. ಕಿವುಡ ಮೇಷ್ಟರ ಹತ್ತಿರ ಇಂಗ್ಲಿಷ್ ಕಲಿಯಲು ಯಾರು ಬರುತ್ತಾರೆ? ಮಕ್ಕಳು ತಪ್ಪಾಗಿ ಓದಿದರೂ ನನಗೆ ಕೇಳಿಸುವುದಿಲ್ಲ, ನಾನು ಶಭಾಷ್ ಎನ್ನುತ್ತಿದ್ದೆ. ಅವು ನಗುತ್ತಿದ್ದವು. ಒಂದೊಂದಾಗಿ ಬಿಟ್ಟುಹೋದವು. ನಿನ್ನ ಹಾಳೆ ಬಂದಾಗ ನನಗೆ ಹಬ್ಬವಾಯಿತು. ಇರುವುದೊಂದೇ ಹಾಳೆ, ಬೇಗ ಮುಗಿದುಹೋಗುತ್ತದಲ್ಲ ಎಂದು ಗಂಟೆಗೆ ಒಂದೊಂದೇ ಸಾಲು ತಿದ್ದುತ್ತಿದ್ದೆ. ನೀನು ಅಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ, ನಾನು ಇಲ್ಲಿ ಜಗಲಿಯ ಮೇಲೆ ಕೂತು ಚಪ್ಪರಿಸುತ್ತಿದ್ದೆ. ಹಾಗೆ ದಿನದೂಡಿದವನೇ ಕೊನೆಗೆ ಬೇಸರವಾಯಿತೆಂದು ಮುಗಿಸು ಎಂದೆ. ನನ್ನಂಥವನು ಮನುಷ್ಯನೇ?

ಒಂದು ವೇಳೆ ನೀನು ಮೊದಲೇ ಹೇಳಿದ್ದರೆ, ನಾನು ಮೊದಲೇ ಆ ಗಾಜು ಮುಟ್ಟಿದ್ದರೆ, ಅಂಚೆಯವನು ಒಂದು ಚೀಲ ಬಿಟ್ಟು ಇನ್ನೊಂದು ಚೀಲ ಎತ್ತಿಕೊಂಡಿದ್ದರೆ. ಇವಕ್ಕೂ ಹ್ಯಾಡ್ ಬೇಕು ಮಗಳೇ. ಈ ಪಾಠ ನಿನಗೆ ಹೇಳಿರಲಿಲ್ಲ. ಹೇಳದೆ ಇದ್ದದ್ದೇ ಒಳ್ಳೆಯದಾಯಿತು.

ಕೆಂಪು ಪೆನ್ನು ಬಿಸಾಡಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಬಿಸಾಡಿಲ್ಲ. ಅಲ್ಲೇ ಮೇಜಿನ ಮೇಲೆ ಬಿದ್ದಿದೆ. ಅದಕ್ಕೆ ಮಾಡಲು ಕೆಲಸವಿಲ್ಲ, ಅಷ್ಟೇ.

ಬೆಳಿಗ್ಗೆ ಜಗಲಿಯಲ್ಲಿ ನಿಂತು ನೀನು ಬರೆದದ್ದನ್ನು ಮತ್ತೆ ಓದಿದೆ. ಅವನು ಅವತ್ತು ‘ಹತ್ತು ವರ್ಷ ಏನೂ ಆಗಲ್ಲ’ ಎಂದದ್ದು ನಿಜ. ಗಾಜು ಹಾಗೇ ಇದೆ. ಒಂದು ಗೀರು ಬಿದ್ದಿಲ್ಲ. ಅವನು ಮಾಡುತ್ತಿದ್ದ ಹಾಗೆ ನಾನೂ ಬೆರಳು ಮಡಚಿ ತಟ್ಟಿದೆ, ತಲೆ ವಾಲಿಸಿ ಕಿವಿಗೊಟ್ಟೆ. ಕಿವಿಯನ್ನು ಗಾಜಿಗೇ ಆನಿಸಿ ಇನ್ನೊಮ್ಮೆ ತಟ್ಟಿದೆ. ನನಗೆ ಏನೂ ಕೇಳಿಸಲಿಲ್ಲ.